ದುಡ್ಡು ಕಟ್ಟಿ ಕೊಂಡ ಅನುಭವಕ್ಕೆ ಅಂಕ ಬೇಡ



ಓದುವಾಗಲೇ ಮಕ್ಕಳು ಕೆಲಸಕ್ಕೆ ತಯಾರಾಗಲಿ ಎಂದು ಪದವಿ ಕಾಲೇಜುಗಳಲ್ಲಿ ಇಂಟರ್ನ್‌ಶಿಪ್ ತಂದಿದ್ದಾರೆ. ಒಳ್ಳೆಯದೇ. ಆದರೆ ಅದರ ಹೆಸರಿನಲ್ಲಿ ಸರ್ಟಿಫಿಕೇಟ್ ಮಾರಾಟ ನಡೆಯುತ್ತಿದೆ, ವಿಶ್ವವಿದ್ಯಾಲಯಗಳು ನೋಡಿಕೊಂಡು ಸುಮ್ಮನಿವೆ.

ನನ್ನ ಮಗಳು ಬಿ.ಕಾಂ. ಕೊನೆಯ ವರ್ಷದಲ್ಲಿದ್ದಾಗ ತರಗತಿಯ ವಾಟ್ಸ್‌ಆಪ್ ಗ್ರೂಪಿಗೆ ಏಜೆನ್ಸಿಯೊಂದರ ಲಿಂಕ್ ಬಂತು. ಎಲ್ಲರೂ ಕಟ್ಟುತ್ತಿದ್ದಾರೆ ಎಂದು ಇವಳೂ 4,500 ರೂಪಾಯಿ ಕಟ್ಟಿದಳು. ಆರು ವಾರದ ಇಂಟರ್ನ್‌ಶಿಪ್ ಎಂದರೆ ಮೊಬೈಲಿನಲ್ಲಿ ಒಂದಷ್ಟು ವಿಡಿಯೊ, ಕೊನೆಗೆ ಹತ್ತು ಪ್ರಶ್ನೆ. ಹೊಸಿಲು ದಾಟಲಿಲ್ಲ, ಒಂದು ಬಿಲ್ ಕೈಯಲ್ಲಿ ಹಿಡಿಯಲಿಲ್ಲ. ಸರ್ಟಿಫಿಕೇಟಿನಲ್ಲಿ ಮಾತ್ರ ಲೆಕ್ಕಪತ್ರ, ಜಿಎಸ್‌ಟಿ ಎರಡರಲ್ಲೂ ಪ್ರಾಯೋಗಿಕ ಅನುಭವವಿದೆ ಎಂದು ಬರೆದಿತ್ತು. ಅಂಕವೂ ಬಿತ್ತು.

ಪರೀಕ್ಷೆ ಮುಗಿದ ಮೇಲೆ ಆಡಿಟರ್ ಒಬ್ಬರ ಕಚೇರಿಗೆ ಕೆಲಸ ಕೇಳಲು ಹೋದಳು. ಅವರು ಸರ್ಟಿಫಿಕೇಟ್ ಓದಿ ಪಕ್ಕಕ್ಕಿಟ್ಟು, ಒಂದು ಕಟ್ಟು ಬಿಲ್ ಮುಂದಿಟ್ಟು, 'ಖರೀದಿಯದು ಬೇರೆ, ಮಾರಾಟದ್ದು ಬೇರೆ ಮಾಡಿ ಟ್ಯಾಲಿಗೆ ಹಾಕಮ್ಮ' ಅಂದರಂತೆ. ಅವಳಿಗೆ ಆಗಲಿಲ್ಲ. ಅವತ್ತು ರಾತ್ರಿ ಊಟ ಮಾಡದೆ ಮಲಗಿದಳು.

ನಾನು 22 ವರ್ಷದಿಂದ ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದೇನೆ. ರೈತನ ಚೀಲ ತೂಕಕ್ಕೆ ಬಿದ್ದಲ್ಲಿಂದ ಟೆಂಡರ್ ಧಾರಣೆ, ಹಮಾಲಿ, ಸೆಸ್, ರೈತನಿಗೆ ಪಾವತಿ, ಉತ್ತರ ಭಾರತಕ್ಕೆ ಹೊರಡುವ ಲಾರಿಗೆ ಇ-ವೇ ಬಿಲ್, ಆಮೇಲೆ ಜಿಎಸ್‌ಟಿ ರಿಟರ್ನ್: ಬಿ.ಕಾಂ. ಪುಸ್ತಕದಲ್ಲಿ ಬೇರೆ ಬೇರೆ ಪಾಠವಾಗಿರುವುದು ಇಲ್ಲಿ ಒಂದೇ ಮೇಜಿನ ಮೇಲೆ ಹಾದುಹೋಗುತ್ತದೆ. ಮಗಳನ್ನು ಇಲ್ಲೇ ಕೂರಿಸಿ ಕಲಿಸುತ್ತೇನೆ ಎಂದು ಕಾಲೇಜಿನವರನ್ನು ಆಗಲೇ ಕೇಳಿದ್ದೆ. ಮಂಡಿಯ ಪತ್ರ ನಡೆಯುವುದಿಲ್ಲ, ಕಂಪನಿಯದೇ ಆಗಬೇಕು ಎಂಬ ಉತ್ತರ ಬಂತು. ಆ ಮಾತು ಇವತ್ತಿಗೂ ನುಂಗಲಾಗಿಲ್ಲ.

ಕಲಿಯುವವನಿಗೆ ಕೆಲಸ ಕೊಡುವವನೇ ಸ್ಟೈಪೆಂಡ್ ಕೊಡಬೇಕೆಂಬುದು 1961ರ ಅಪ್ರೆಂಟಿಸ್ ಕಾಯ್ದೆಯಲ್ಲೇ ಇದೆ. ಸಿ.ಎ. ಓದುವವರಿಗೂ ಆರ್ಟಿಕಲ್‌ಶಿಪ್‌ನಲ್ಲಿ ಸ್ಟೈಪೆಂಡ್ ಇದೆ. ನಮ್ಮದೇ ರಾಜ್ಯ ಸರ್ಕಾರದ ತರಬೇತಿ ಸಂಸ್ಥೆ ಜಿಟಿಟಿಸಿಯಲ್ಲಿ ಟೂಲ್ ಅಂಡ್ ಡೈ ಡಿಪ್ಲೊಮಾದ ಮಕ್ಕಳು ಮೂರು ವರ್ಷ ಓದಿ, ನಾಲ್ಕನೆಯ ವರ್ಷ ಕಾರ್ಖಾನೆಯ ಯಂತ್ರಗಳ ಮುಂದೆ ನಿಂತು ಕಲಿಯುತ್ತಾರೆ. ಬಿ.ಎ., ಬಿ.ಕಾಂ. ಮಕ್ಕಳು ಮಾತ್ರ ತಾವೇ ದುಡ್ಡು ಕಟ್ಟಬೇಕೇ? ಪದವಿ ಮುಗಿದು 180 ದಿನ ಕೆಲಸ ಸಿಗದಿದ್ದರೆ ಸರ್ಕಾರ ಯುವನಿಧಿ ಯೋಜನೆಯಲ್ಲಿ ತಿಂಗಳಿಗೆ 3,000 ರೂಪಾಯಿ ಕೊಡುತ್ತದೆ. ಅದೇ ಮಕ್ಕಳು ಕೆಲಸ ಕಲಿಯಬೇಕಾದ ಹೊತ್ತಿನಲ್ಲಿ ಅವರ ಕೈಯಿಂದಲೇ ದುಡ್ಡು ಕಿತ್ತುಕೊಳ್ಳುವುದು ಯಾವ ನ್ಯಾಯ?

ಕಾಲೇಜಿನವರ ಕಷ್ಟ ನನಗೆ ಗೊತ್ತು. ಪಾಠ ಮಾಡುವ ಮೇಷ್ಟ್ರ ತಲೆಗೇ ಪ್ಲೇಸ್‌ಮೆಂಟ್ ಕೆಲಸವನ್ನೂ ಕಟ್ಟಿರುತ್ತಾರೆ. ಅತಿಥಿ ಉಪನ್ಯಾಸಕರಿಗೆ ತಮ್ಮ ಮುಂದಿನ ವರ್ಷವೇ ಖಾತ್ರಿಯಿಲ್ಲ. ಅಷ್ಟು ಮಕ್ಕಳಿಗೆ ಕಂಪನಿ ಎಲ್ಲಿಂದ ತರೋಣ ಎನ್ನುತ್ತಾರೆ. ಕಂಪನಿಯೇ ಯಾಕಾಗಬೇಕು? ಎಪಿಎಂಸಿ ಇದೆ, ಕೃಷಿ ಪತ್ತಿನ ಸಹಕಾರ ಸಂಘ, ಹಾಲಿನ ಡೇರಿ, ಗ್ರಾಮ ಪಂಚಾಯಿತಿ, ಆಡಿಟರ್ ಕಚೇರಿ ಎಲ್ಲ ಇವೆ. ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಸರ್ಕಾರಿ ಬಸ್ಸಿನ ಖರ್ಚೂ ಇಲ್ಲ. 2024–25ರಿಂದ ಪದವಿ ಮತ್ತೆ ಮೂರು ವರ್ಷಕ್ಕೆ ಬಂದಿದೆ. ಇರುವ ಆರು ಸೆಮಿಸ್ಟರಿನಲ್ಲಿ ಆರು ವಾರ ಸುಳ್ಳಿಗೆ ಹೋಗಬಾರದು.

ವಿಶ್ವವಿದ್ಯಾಲಯಗಳು ಒಂದು ಸುತ್ತೋಲೆ ಹೊರಡಿಸಲಿ. ವಿದ್ಯಾರ್ಥಿಯಿಂದ ಶುಲ್ಕ ಪಡೆದ ಇಂಟರ್ನ್‌ಶಿಪ್‌ಗೆ ಅಂಕವಿಲ್ಲ ಎಂದು ಅದರಲ್ಲಿ ಬರೆಯಲಿ. ಊರಿನ ಮಂಡಿ, ಸಂಘ, ಅಂಗಡಿಯವರು ಕೊಟ್ಟ ಪತ್ರವನ್ನು ಒಪ್ಪಲಿ. ಮಗು ನಿಜವಾಗಿ ಏನು ಕೆಲಸ ಮಾಡಿತು ಎಂದು ಮೌಖಿಕ ಪರೀಕ್ಷೆಯಲ್ಲಿ ಕೇಳಲಿ.

ಮಗಳು ಈಗ ದಿನಾ ಸಂಜೆ ಮಂಡಿಗೆ ಬಂದು ನನ್ನ ಪಕ್ಕ ಕೂತು ಬಿಲ್ ಹಾಕುತ್ತಾಳೆ. ನಮ್ಮ ಯಜಮಾನರು ವರ್ಷಕ್ಕೆ ಇಬ್ಬರು ವಿದ್ಯಾರ್ಥಿಗಳನ್ನು ಊಟ, ಓಡಾಟದ ಖರ್ಚು ಕೊಟ್ಟು ಕೂರಿಸಿಕೊಳ್ಳಲು ಒಪ್ಪಿದ್ದಾರೆ. ಆ ಇಬ್ಬರ ಪತ್ರ ಕಾಲೇಜಿನಲ್ಲಿ ನಡೆಯುವಂತಾಗಲಿ.

– ವಿದ್ಯಾರ್ಥಿನಿಯೊಬ್ಬಳ ತಂದೆ, ತಿಪಟೂರು