ಚಕ್ಕುಲಿ ಮಾರುವ ಮುನ್ನ, ಕೊಳ್ಳುವ ಮುನ್ನ

ದೀಪಾವಳಿ ಹತ್ತಿರ ಬಂತೆಂದರೆ ನಮ್ಮ ಬಡಾವಣೆಗಳಲ್ಲಿ ಈಚೆಗೆ ಒಂದು ರೂಢಿ ಬೆಳೆದಿದೆ. ಮಹಿಳಾ ಸಮಾಜದವರು, ಅಪಾರ್ಟ್‌ಮೆಂಟ್ ಸಂಘದವರು, ಭಜನಾ ಮಂಡಳಿಯವರು ಕೂಡಿ ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು, ರವೆ ಉಂಡೆ ಮಾಡಿ ಮಾರುತ್ತಾರೆ. ಬಂದ ಹಣ ಹತ್ತಿರದ ಸರ್ಕಾರಿ ಶಾಲೆಗೋ, ವೃದ್ಧಾಶ್ರಮಕ್ಕೋ, ಯಾರದಾದರೂ ಚಿಕಿತ್ಸೆಗೋ ಹೋಗುತ್ತದೆ. ಕ್ರಿಸ್‌ಮಸ್ ಬಂದಾಗ ಚರ್ಚಿನ ಆವರಣಗಳಲ್ಲಿ ಕೇಕು, ಕುಸ್ವಾರ್ ಇಟ್ಟುಕೊಂಡು ನಡೆಯುವುದೂ ಇದೇ ಕೆಲಸ. ಮೈಸೂರಿನ ನಮ್ಮ ಬೀದಿಯಲ್ಲಿ ಹಬ್ಬದ ಹಿಂದಿನ ಭಾನುವಾರ ಮೇಜು ಹಾಕುವವರಲ್ಲಿ ನಾನೂ ಒಬ್ಬಳು. ಈ ವರ್ಷ ಮೇಜು ಹಾಕಲು ಹೊರಟಿರುವ ಅಕ್ಕತಂಗಿಯರಿಗೂ, ಆ ಮೇಜಿನ ಮುಂದೆ ಬಂದು ನಿಲ್ಲುವ ಮಹನೀಯರಿಗೂ ಕೆಲವು ಮಾತು ಹೇಳುವುದಿದೆ. ಸ್ವಲ್ಪ ಖಾರವಾದರೆ ಹಬ್ಬದ ತಿಂಡಿಯ ಖಾರವೆಂದುಕೊಂಡು ಸಹಿಸಿಕೊಳ್ಳಿ.

ಮೊದಲ ಮಾತು ದುಡ್ಡಿನದು. "ಇಷ್ಟು ಸಾವಿರ ಲಾಭ ಬಂತು" ಎಂದು ಸಂಜೆ ಚಪ್ಪಾಳೆ ತಟ್ಟುವ ಮೊದಲು ಆ ಲಾಭ ಯಾವ ಅಡುಗೆಮನೆಯಿಂದ ಬಂತು ಎಂದು ನೋಡಬೇಕು. ಚಕ್ಕುಲಿ ಹಿಟ್ಟೆಂದರೆ ಅಕ್ಕಿ ತೊಳೆದು ನೆರಳಿನಲ್ಲಿ ಆರಿಸಬೇಕು, ಉದ್ದಿನಬೇಳೆಯನ್ನು ಸೀಯದಂತೆ ಹುರಿಯಬೇಕು, ಮಿಲ್ಲಿಗೆ ಹೊತ್ತೊಯ್ದು "ಗೋಧಿ ಬೀಸಿದ ಮೇಲೆ ಹಾಕಬೇಡಪ್ಪ, ಅಕ್ಕಿ ಮೇಲೆ ಹಾಕು" ಎಂದು ಕಾದು ನಿಲ್ಲಬೇಕು. ಆಮೇಲೆ ಬೆಣ್ಣೆ, ಎಳ್ಳು, ಜೀರಿಗೆ ಹಾಕಿ ನಾದುವುದು, ಒರಳಿನಲ್ಲಿ ಒತ್ತುವುದು, ಕಾದ ಎಣ್ಣೆಯ ಮುಂದೆ ಅರ್ಧ ದಿನ ನಿಲ್ಲುವುದು. ಈ ದುಡಿಮೆಗೆ ಬೆಲೆ ಹಾಕುವುದಿಲ್ಲ ನಿಜ, ಸೇವೆ ಎಂದುಕೊಂಡೇ ಮಾಡುತ್ತೇವೆ. ಆದರೆ ಮನೆಯ ಗ್ಯಾಸು, ಮನೆಯ ತುಪ್ಪ, ಡಬ್ಬಿಯಲ್ಲಿದ್ದ ಗೋಡಂಬಿ ಇವೆಲ್ಲ ಯಾವ ಲೆಕ್ಕಕ್ಕೂ ಬಾರದೆ ಕರಗಿಹೋಗುತ್ತವೆ. 2025ರ ನವೆಂಬರ್‌ನಲ್ಲಿ ನಂದಿನಿ ತುಪ್ಪ ಲೀಟರಿಗೆ 700 ರೂಪಾಯಿ ಮುಟ್ಟಿತು. "ನಮ್ಮನೆಯದ್ದೇ ತುಪ್ಪ, ಇರಲಿ ಬಿಡಿ" ಎನ್ನುವ ಗೃಹಿಣಿ ಎಷ್ಟು ದೊಡ್ಡ ದಾನ ಮಾಡುತ್ತಿದ್ದಾಳೆಂಬುದು ಆಕೆಗೂ ಗೊತ್ತಾಗುವುದಿಲ್ಲ, ಸಂಘಕ್ಕೂ ಗೊತ್ತಾಗುವುದಿಲ್ಲ.

ಆದ್ದರಿಂದ ಸಾಮಾನಿನ ಚೀಟಿಗಳನ್ನೆಲ್ಲ ಒಂದು ಕಡೆ ಸೇರಿಸಿಡಿ. ಮನೆಯಿಂದ ಬಂದ ಪದಾರ್ಥಕ್ಕೂ ಅಂದಿನ ಅಂಗಡಿ ದರ ಹಿಡಿದು ಖರ್ಚಿಗೆ ಬರೆಯಿರಿ, ಅಷ್ಟನ್ನೇ ಆ ಮನೆಯವರ ಹೆಸರಿನಲ್ಲಿ ಜಮೆಗೂ ಬರೆಯಿರಿ. ಆಗ ಸತ್ಯ ಹೊರಬೀಳುತ್ತದೆ. ಒಂದು ಕೆಜಿ ಕೋಡುಬಳೆಯನ್ನು 400ಕ್ಕೆ ಮಾರಿ, ಸಾಮಾನಿಗೇ 300 ಹೋಗಿದ್ದರೆ ಶಾಲೆಗೆ ಸೇರಿದ್ದು ನೂರೇ ರೂಪಾಯಿ. ಅಷ್ಟಕ್ಕಾಗಿ ಇಬ್ಬರು ಹೆಂಗಸರು ಸೊಂಟ ನೋಯಿಸಿಕೊಳ್ಳಬೇಕೆ ಎಂಬ ಪ್ರಶ್ನೆಯನ್ನು ಸಂಘದ ಸಭೆಯಲ್ಲಿ ನಾಚಿಕೆಯಿಲ್ಲದೆ ಕೇಳಬಹುದು. ಬರೀ ಹಣವೇ ಗುರಿಯಾದರೆ ಮನೆಗೆ ಐನೂರು ಎತ್ತಿ ಕೊಟ್ಟುಬಿಡುವುದು ಸುಲಭ, ಬಾಣಲೆ ಇಡುವುದೇ ಬೇಡ. ಮೇಜು ಹಾಕುವುದು ಬೀದಿಯ ಜನ ಒಂದು ಕಡೆ ಸೇರಲಿ, ಪಕ್ಕದ ಶಾಲೆಯ ವಿಷಯ ನಾಲ್ಕು ಜನರ ಕಿವಿಗೆ ಬೀಳಲಿ ಎಂದು. ಇದು ಮನಸ್ಸಿನಲ್ಲಿದ್ದರೆ ಎಷ್ಟು ಮಾಡಬೇಕು, ಏನು ಮಾಡಬೇಕು ಎಂಬುದು ತಾನಾಗಿ ಹದಕ್ಕೆ ಬರುತ್ತದೆ.

ಬೆಲೆಯನ್ನು ತೀರಾ ಕಡಿಮೆ ಇಡಬೇಡಿ. ಬಡಾವಣೆಯ ಮೂಲೆಯಲ್ಲಿ ಕಾಂಡಿಮೆಂಟ್ಸ್ ಅಂಗಡಿ ಇದೆ. ಮೂರನೇ ಕ್ರಾಸಿನಲ್ಲಿ ಗಂಡ ಸತ್ತ ಮೇಲೆ ಹಪ್ಪಳ, ಚಕ್ಕುಲಿ ಮಾಡಿ ಮಕ್ಕಳನ್ನು ಓದಿಸುತ್ತಿರುವ ಹೆಂಗಸೊಬ್ಬಳು ಇರುತ್ತಾಳೆ. ಹಬ್ಬದ ವಾರವೇ ಅವರ ಸುಗ್ಗಿ. ದುಡಿಮೆಗೆ ಬೆಲೆ ಹಾಕದ ನಾವು ಅವರಿಗಿಂತ ಅಗ್ಗಕ್ಕೆ ಮಾರಿದರೆ ಒಂದು ಕಡೆ ಧರ್ಮ, ಇನ್ನೊಂದು ಕಡೆ ಅವರ ಹೊಟ್ಟೆಗೆ ಪೆಟ್ಟು. ಅಂಗಡಿಯ ಬೆಲೆಯನ್ನೇ ಇಡಿ, ಬೇಕಾದರೆ ಹತ್ತು ರೂಪಾಯಿ ಹೆಚ್ಚೇ ಇಡಿ. ಅಂಥ ಹೆಂಗಸಿನಿಂದಲೇ ಒಂದಿಷ್ಟು ತಿಂಡಿಯನ್ನು ಪೂರ್ತಿ ಬೆಲೆ ಕೊಟ್ಟು ಕೊಂಡು ಮೇಜಿನ ಮೇಲಿಟ್ಟರೆ ಇನ್ನೂ ಒಳ್ಳೆಯದು.

ಇನ್ನು ಕೊಳ್ಳಲು ಬರುವವರ ವಿಷಯ. ಚೌಕಾಸಿ ಮಾಡುವವರನ್ನು ನಾನು ಮನ್ನಿಸಬಲ್ಲೆ, ಅದು ನಮ್ಮ ರಕ್ತದಲ್ಲೇ ಇದೆ. ಮನ್ನಿಸಲಾಗದ್ದು ಇನ್ನೊಂದು ಪ್ರಶ್ನೆ. ಪೊಟ್ಟಣ ಕೈಗೆತ್ತಿಕೊಂಡು, ದನಿ ತಗ್ಗಿಸಿ, "ಇದು ಯಾರ ಮನೆಯಲ್ಲಿ ಮಾಡಿದ್ದು?" ಎನ್ನುತ್ತಾರೆ. ಶುಚಿಯ ಚಿಂತೆಯಿಂದ ಕೇಳುವವರು ಕೆಲವರಿದ್ದಾರೆ. ಅವರು ಯಾವತ್ತು ಮಾಡಿದ್ದು, ಯಾವ ಎಣ್ಣೆ ಎಂದೂ ಕೇಳುತ್ತಾರೆ, ಉತ್ತರ ಕೇಳಿ ಸಮಾಧಾನಪಡುತ್ತಾರೆ. ಉಳಿದವರಿಗೆ ಬೇಕಾದದ್ದು ಕೈಯ ಶುಚಿಯಲ್ಲ, ಕೈಯ ಜಾತಿ. ಹೆಸರು ಹೇಳಿದರೆ ಮುಖದಲ್ಲೇ ತಿಳಿಯುತ್ತದೆ. ಪೊಟ್ಟಣ ಮೆಲ್ಲಗೆ ಕೆಳಗಿಳಿಯುತ್ತದೆ, ಕೈ ಇನ್ನೊಂದರ ಕಡೆ ಹೋಗುತ್ತದೆ. ಆ ತಿಂಡಿ ಮಾಡಿದವಳು ಮೇಜಿನ ಹಿಂದೆಯೇ ನಿಂತು ನೋಡುತ್ತಿರುತ್ತಾಳೆ.

ನಮ್ಮೂರಿನಲ್ಲಿ ಅನ್ನದಾನದ ನೆನಪು ದೊಡ್ಡದು. ವಾರಾನ್ನ ಉಂಡು ಓದಿದವರ ಕಥೆಗಳನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಎಂದು ಊಟ ಮಾಡಿ ದೊಡ್ಡ ಹುದ್ದೆಗೇರಿದವರು ಎಷ್ಟೋ ಮಂದಿ. ಆದರೆ ವಾರಾನ್ನವೂ ಬಹುಮಟ್ಟಿಗೆ ಜಾತಿಯ ಗೆರೆಯೊಳಗೇ ನಡೆಯಿತು. ಆ ಗೆರೆಯಾಚೆಯ ಹುಡುಗರಿಗೆ ಹಾಸ್ಟೆಲುಗಳೂ ಮಠಗಳ ಉಚಿತ ಪ್ರಸಾದ ನಿಲಯಗಳೂ ಬರುವವರೆಗೆ ಊಟದ ಚಿಂತೆ ತಪ್ಪಲಿಲ್ಲ. ಈಗ ನಾವು ಹಣ ಕೊಡಲು ಹೊರಟಿರುವ ಶಾಲೆಯಲ್ಲಿ 2002ರಲ್ಲಿ ರಾಜ್ಯದಲ್ಲಿ ಶುರುವಾದ ಅಕ್ಷರ ದಾಸೋಹದ ಬಿಸಿಯೂಟವನ್ನು ಮಕ್ಕಳು ಸಾಲಾಗಿ ಕೂತು ಒಟ್ಟಿಗೆ ಉಣ್ಣುತ್ತಾರೆ. ಆ ಮಕ್ಕಳ ಹೆಸರಿನಲ್ಲಿ ಹಾಕಿದ ಮೇಜಿನ ಮುಂದೆ ನಿಂತು ಜಾತಿ ವಿಚಾರಿಸುವುದಕ್ಕೆ ಯಾವ ಅರ್ಥವೂ ಇಲ್ಲ. ಸಂಘದವರು ಈ ವಿಷಯದಲ್ಲಿ ಗಟ್ಟಿಯಾಗಿರಬೇಕು. ಪೊಟ್ಟಣದ ಮೇಲೆ ಮಾಡಿದವರ ಹೆಸರು ಬೇಡ, ಮನೆ ಹೆಸರೂ ಬೇಡ. ಸಂಘದ ಹೆಸರು, ಮಾಡಿದ ದಿನ, ಹಾಕಿದ ಪದಾರ್ಥ ಸಾಕು. "ಮಡಿಯಲ್ಲಿ ಮಾಡಿದ್ದಾ?" ಎಂದರೆ "ಕೈ ತೊಳೆದು, ತಲೆಗೆ ಬಟ್ಟೆ ಕಟ್ಟಿ ಮಾಡಿದ್ದು" ಎಂದು ಉತ್ತರಿಸಿ ಸುಮ್ಮನಾಗಿ. ಅದರಿಂದ ನಾಲ್ಕು ಪೊಟ್ಟಣ ಕಡಿಮೆ ಹೋದರೆ ಹೋಗಲಿ.

ಪದಾರ್ಥದ ಪಟ್ಟಿ ಅಲಂಕಾರಕ್ಕಲ್ಲ. ನಿಪ್ಪಟ್ಟಿನಲ್ಲಿ ಕಡಲೆಕಾಯಿ ಬೀಜವಿದೆ. ಅದು ಒಗ್ಗದ ಮಗುವಿಗೆ ಒಂದು ಚೂರೂ ಅಪಾಯ. ಕೋಡುಬಳೆಗೆ ಮೈದಾ ಬಿದ್ದಿದ್ದರೆ ಗೋಧಿ ಆಗದವರಿಗೆ ತಿಳಿಯಬೇಕು. ಹಸಿ ತೆಂಗಿನಕಾಯಿ ಹಾಕಿದ ಉಂಡೆ ಬೇಗ ಕೆಡುತ್ತದೆ, ಕೊಬ್ಬರಿ ಹಾಕಿದ್ದು ತಡೆಯುತ್ತದೆ. ಮಾರಾಟಕ್ಕೆ ಕೊಬ್ಬರಿಯೇ ಸರಿ. "ಬೆಲ್ಲದ್ದು, ಸಕ್ಕರೆ ಕಾಯಿಲೆಯವರೂ ತಿನ್ನಬಹುದು" ಎಂಬ ಚೀಟಿಯನ್ನು ದಯವಿಟ್ಟು ಅಂಟಿಸಬೇಡಿ. ಬೆಲ್ಲವೂ ರಕ್ತದ ಸಕ್ಕರೆ ಏರಿಸುತ್ತದೆ. ಪುಣ್ಯದ ಕೆಲಸವೆಂದು ದೇಹ ರಿಯಾಯಿತಿ ಕೊಡುವುದಿಲ್ಲ.

ಕಾನೂನೂ ಕೊಡುವುದಿಲ್ಲ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯಲ್ಲಿ "ಆಹಾರ ವ್ಯವಹಾರ"ದ ವ್ಯಾಖ್ಯೆ ಲಾಭಕ್ಕೆ ಮಾಡುವುದನ್ನೂ ಲಾಭವಿಲ್ಲದೆ ಮಾಡುವುದನ್ನೂ ಸೇರಿಸಿಯೇ ಹೇಳುತ್ತದೆ. "ನಾವು ಧರ್ಮಕ್ಕೆ ಮಾಡುವವರು, ನಮಗೇನು ನೋಂದಣಿ" ಎನ್ನುವ ಮಾತು ಬಲ ಕೊಡುವುದಿಲ್ಲ. ಸಣ್ಣವರಿಗೆ ದೊಡ್ಡ ಪರವಾನಗಿ ಬೇಕಿಲ್ಲ, ಕಡಿಮೆ ಶುಲ್ಕದ ನೋಂದಣಿ ಇದೆ. ವರ್ಷಕ್ಕೊಮ್ಮೆಯೇ ಮಾಡುವ ಸಂಘವಾದರೂ ನಿಮ್ಮ ಭಾಗದ ಆಹಾರ ಸುರಕ್ಷತಾ ಅಧಿಕಾರಿಯನ್ನು ಒಂದು ತಿಂಗಳು ಮುಂಚೆಯೇ ಕೇಳಿ ತಿಳಿದುಕೊಳ್ಳಿ. ಹಾಗೆಯೇ, ಮನೆಗೆ ಕೊಡುವ 14.2 ಕೆಜಿ ಸಿಲಿಂಡರನ್ನು ವ್ಯಾಪಾರಕ್ಕೆ ಬಳಸುವಂತಿಲ್ಲ. ಕಲ್ಯಾಣ ಮಂಟಪದ ಅಡುಗೆಮನೆಯಲ್ಲಿ ಒಟ್ಟಿಗೆ ಕರಿಯುವ ಯೋಚನೆಯಿದ್ದರೆ 19 ಕೆಜಿಯ ವಾಣಿಜ್ಯ ಸಿಲಿಂಡರ್ ತರಿಸಿ.

ಎಣ್ಣೆಯ ವಿಷಯದಲ್ಲಿ ಜಿಪುಣತನ ಬೇಡ. ಕರಿದು ಕರಿದು ಕಪ್ಪಾದ ಎಣ್ಣೆಗೇ ಹೊಸ ಎಣ್ಣೆ ಸುರಿಯುತ್ತ ಹೋಗುವ ಅಭ್ಯಾಸ ಮನೆಗಳಲ್ಲೂ ಇದೆ, ಮಾರಾಟದ ದಿನ ಅದು ಹೆಚ್ಚಾಗುತ್ತದೆ. ಕಾಯಿಸಿದ ಎಣ್ಣೆಯಲ್ಲಿ ಹುಟ್ಟುವ ಒಟ್ಟು ಧ್ರುವೀಯ ಸಂಯುಕ್ತಗಳು ಶೇ. 25 ಮೀರಿದರೆ ಅದನ್ನು ಬಳಸಕೂಡದೆಂದು 2018ರ ಜುಲೈ 1ರಿಂದ ನಿಯಮವಿದೆ. ಅದನ್ನು ಅಳೆಯುವ ಸಾಧನ ನಮ್ಮ ಬಳಿ ಇರುವುದಿಲ್ಲ. ಬಣ್ಣ ಕಂದಿದರೆ, ನೊರೆ ನಿಂತರೆ, ಕಾಯುವ ಮೊದಲೇ ಹೊಗೆ ಬಂದರೆ ಆ ಎಣ್ಣೆಯ ಆಯಸ್ಸು ಮುಗಿಯಿತು. ಸಿಹಿಗೆ ಬಣ್ಣ ಹಾಕುವ ಗೋಜಿಗೆ ಹೋಗಬೇಡಿ. 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿ ಮತ್ತು ಬೊಂಬಾಯಿ ಮಿಠಾಯಿಯ ಬಣ್ಣಗಳ ಮೇಲೆ ನಮ್ಮ ಸರ್ಕಾರ ನಿಷೇಧ ಹೇರಿದ್ದು ಸುಮ್ಮನೆ ಅಲ್ಲ. ವೃತ್ತಪತ್ರಿಕೆಯಲ್ಲಿ ಕಟ್ಟುವುದೂ ನಿಯಮಕ್ಕೆ ವಿರುದ್ಧ. ಮುದ್ರಣದ ಶಾಯಿ ಬಿಸಿ ಎಣ್ಣೆಗೆ ಇಳಿಯುತ್ತದೆ. ಬಟರ್ ಪೇಪರ್, ಒಳಗೆ ಬಾಳೆ ಎಲೆ ಅಥವಾ ಕೊಳ್ಳುವವರ ಸ್ವಂತ ಡಬ್ಬಿ, ಈ ಮೂರರಲ್ಲಿ ಕೆಲಸ ಸಾಗುತ್ತದೆ. ಆರುವ ಮೊದಲೇ ಡಬ್ಬಿಗೆ ತುಂಬಿದರೆ ಚಕ್ಕುಲಿ ಮೆತ್ತಗಾಗುತ್ತದೆ ಎಂದು ಯಾರಿಗೂ ಹೇಳಿಕೊಡಬೇಕಿಲ್ಲ, ಆದರೂ ಗಡಿಬಿಡಿಯಲ್ಲಿ ಪ್ರತಿ ವರ್ಷ ಯಾರಾದರೂ ತುಂಬುತ್ತಾರೆ.

ಹಣ ಯಾರ ಕೈಗೆ ಬೀಳುತ್ತದೆ ಎಂಬುದು ಸ್ನೇಹ ಕೆಡುವ ಜಾಗ. ಒಬ್ಬರ ಮೊಬೈಲಿನ ಕ್ಯುಆರ್ ಕೋಡ್ ಅಂಟಿಸಿದರೆ ಶಾಲೆಯ ಹಣ ಅವರ ಮನೆಯ ಹಾಲಿನ ಬಿಲ್ಲು, ವಿದ್ಯುತ್ ಬಿಲ್ಲಿನ ಜೊತೆ ಬೆರೆತುಹೋಗುತ್ತದೆ. ಅವರು ಎಷ್ಟೇ ಪ್ರಾಮಾಣಿಕರಾದರೂ ಮೂರನೆಯ ದಿನ ಯಾರೋ ಒಬ್ಬರು ಹಿಂದಿನಿಂದ ಮಾತಾಡಿಯೇ ಆಡುತ್ತಾರೆ. ಸಂಘದ ಖಾತೆಯನ್ನೋ, ಅದಿಲ್ಲದಿದ್ದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಖಾತೆಯನ್ನೋ ಬಳಸಿ. ನಗದು ಗಲ್ಲಾಪೆಟ್ಟಿಗೆಯನ್ನು ಇಬ್ಬರು ಒಟ್ಟಿಗೆ ಎಣಿಸಿ ಸಹಿ ಹಾಕಲಿ. ಮಾರಿದ್ದೆಷ್ಟು, ಖರ್ಚೆಷ್ಟು, ಉಳಿದದ್ದೆಷ್ಟು, ಎಲ್ಲಿಗೆ ಹೋಯಿತು ಎಂಬ ಒಂದು ಹಾಳೆಯನ್ನು ಹಬ್ಬ ಮುಗಿದ ವಾರದಲ್ಲೇ ಮಾರಾಟದ ಚೀಟಿ ಅಂಟಿಸಿದ್ದ ಅದೇ ಗೋಡೆಗೆ ಅಂಟಿಸಿ. ಅದನ್ನು ಕೇಳುವ ಹಕ್ಕು ಐವತ್ತು ರೂಪಾಯಿಯ ಪೊಟ್ಟಣ ಕೊಂಡವರಿಗೂ ಇದೆ. ಕೇಳಿದವರನ್ನು ಅನುಮಾನದ ಮನುಷ್ಯ ಎನ್ನಬೇಡಿ.

ಶಾಲೆಗೆ ಏನು ಬೇಕೆಂದು ಶಾಲೆಯನ್ನೇ ಮೊದಲು ಕೇಳಿ. ನಾವು ಹೊರಗಿನಿಂದ ನೋಡಿ ಬ್ಯಾಗು, ನೋಟ್‌ಬುಕ್ಕು ಎಂದುಕೊಳ್ಳುತ್ತೇವೆ. ಅವು ಆಗಲೇ ಮೂರು ಕಡೆಯಿಂದ ಬಂದು ಬೀರುವಿನಲ್ಲಿ ಕೂತಿರುತ್ತವೆ. ಹೆಣ್ಣುಮಕ್ಕಳ ಶೌಚಾಲಯದ ಬಾಗಿಲಿನ ಚಿಲಕ ಮುರಿದಿರುವುದನ್ನು ಮುಖ್ಯೋಪಾಧ್ಯಾಯಿನಿಯೇ ಹೇಳಬೇಕು. ಚಿಲಕದ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳಲು ಯಾರಿಗೂ ಉತ್ಸಾಹವಿರುವುದಿಲ್ಲ, ಆ ಕೆಲಸಕ್ಕೆ ಹಣ ಸಿಗದಿರುವುದು ಅದಕ್ಕೇ. ಫೋಟೊ ಎಂದಾಗ ಒಂದು ವಿನಂತಿ: ಮಕ್ಕಳನ್ನು ಬಿಸಿಲಿನಲ್ಲಿ ಸಾಲು ನಿಲ್ಲಿಸಿ, ಕೈಗೆ ಪೆಟ್ಟಿಗೆ ಕೊಟ್ಟು, ದಾನಿಗಳನ್ನು ನಡುವೆ ನಿಲ್ಲಿಸುವ ಕಾರ್ಯಕ್ರಮ ಬೇಡ. ನಮ್ಮ ಮಕ್ಕಳನ್ನು ಹಾಗೆ ನಿಲ್ಲಿಸಲು ನಾವು ಒಪ್ಪುತ್ತೇವೆಯೆ?

ಗಂಡಸರಿಗೂ ಒಂದು ಮಾತು. ಮೇಜಿಗೆ ಬಟ್ಟೆ ಹಾಸುವುದು, ಮೈಕಿನಲ್ಲಿ ಕೂಗುವುದು, ಕೊನೆಗೆ ವಂದನಾರ್ಪಣೆ ಮಾಡುವುದು ನಿಮ್ಮ ಪಾಲಿಗೆ ಬರುತ್ತಿದೆ. ಈ ಸಲ ಮಿಲ್ಲಿನ ಸರದಿ ನಿಮ್ಮದಾಗಲಿ, ಕರಿಯುವ ಸರದಿಯೂ ಆಗಲಿ. ಎಣ್ಣೆ ಜಿಡ್ಡಿನ ಬಾಣಲೆ, ಜಾಲರಿ, ಒರಳು ಉಜ್ಜಿ ತೊಳೆಯುವುದಂತೂ ಸಂಪೂರ್ಣ ನಿಮ್ಮದೇ ಆಗಲಿ. ಹೆಂಗಸರಿಗೆ ಅದೇ ವಾರ ಮನೆಯ ಹಬ್ಬವೂ ಇದೆ. ನೀರು ತುಂಬುವ ಹಬ್ಬಕ್ಕೆ ಹಂಡೆ ತೊಳೆಯುವುದೂ, ನರಕ ಚತುರ್ದಶಿಯ ಬೆಳಗಿನ ಎಣ್ಣೆ ನೀರೂ ಅವರ ತಲೆಯ ಮೇಲೇ ಇವೆ.

ಓದುಗರಲ್ಲಿ ನನ್ನ ಕೋರಿಕೆ ಇಷ್ಟು. ನಿಮ್ಮ ಬೀದಿಯಲ್ಲಿ ಇಂಥ ಮೇಜು ಕಂಡರೆ ದಾಟಿ ಹೋಗಬೇಡಿ. ಎಷ್ಟು ಬೇಕೆಂದು ಒಂದು ವಾರ ಮುಂಚೆಯೇ ಹೇಳಿ; ಮುಂಗಡ ಲೆಕ್ಕ ಸಿಕ್ಕರೆ ಸಾಮಾನು ವ್ಯರ್ಥವಾಗುವುದಿಲ್ಲ, ಸಂಜೆಗೆ ಉಳಿದ ಉಂಡೆಯನ್ನು ಅರ್ಧ ಬೆಲೆಗೆ ತಳ್ಳುವ ಸಂಕಟವೂ ಇರುವುದಿಲ್ಲ. ಬರುವಾಗ ನಿಮ್ಮ ಡಬ್ಬಿ ತನ್ನಿ, ಚಿಲ್ಲರೆ ತನ್ನಿ. ಯಾವ ಶಾಲೆಗೆ, ಯಾತಕ್ಕೆ ಎಂದು ಕೇಳಿ. ಯಾರ ಮನೆಯದು ಎಂದು ಕೇಳಬೇಡಿ. ಹಬ್ಬ ಕಳೆದ ಮೇಲೆ ಆ ಗೋಡೆಯ ಮುಂದೆ ಇನ್ನೊಮ್ಮೆ ನಿಂತು ಲೆಕ್ಕದ ಹಾಳೆ ಓದಿ. ಹಾಳೆ ಇಲ್ಲದಿದ್ದರೆ ಸಂಘದವರ ಮನೆಯ ಬಾಗಿಲು ತಟ್ಟಿ ಕೇಳಿ.