ನಡುವಟ್ಟದ ತೊಗಟೆಯೂ ಅಣುವಿನ ಪಾಠವೂ

ಗೂಡಲೂರಿನಿಂದ ಉದಕಮಂಡಲಕ್ಕೆ ಘಟ್ಟ ಹತ್ತುವವರು ನಡುವಟ್ಟವನ್ನು ಹಾದುಹೋಗುತ್ತಾರೆ. 1860ರಲ್ಲಿ ನೀಲಗಿರಿಗೆ ಬಂದ ಸಿಂಕೋನಾ ಬೇಸಾಯ ಇಲ್ಲಿಗೂ ಹಬ್ಬಿ, ತೊಗಟೆಯಿಂದ ಕ್ವಿನೀನ್ ತೆಗೆಯುವ ಸರಕಾರಿ ಕಾರ್ಖಾನೆಯೂ ಇಲ್ಲಿ ನಡೆದಿತ್ತು. ನಮ್ಮ ಅಜ್ಜಂದಿರು ಚಳಿಜ್ವರಕ್ಕೆ ಮುಖ ಸಿಂಡರಿಸಿ ನುಂಗುತ್ತಿದ್ದ ಕಹಿ ಮದ್ದು ಅದೇ.

ಈಗ ಮದ್ದು ಹುಡುಕುವ ಬಗೆಯೇ ಬೇರೆ. ಕಂಪ್ಯೂಟರಿನಲ್ಲಿ ಅಣುವಿನ ಮಾದರಿ ಕಟ್ಟಿ, ಅದು ರೋಗಾಣುವಿನ ಪ್ರೋಟೀನಿನೊಳಗೆ ಬೀಗಕ್ಕೆ ಕೀಲಿಯಂತೆ ಕೂರುವುದೋ ಇಲ್ಲವೋ ಎಂದು ಮೊದಲೇ ನೋಡುತ್ತಾರೆ. ರಸಾಯನ ತಜ್ಞ, ಭೌತವಿಜ್ಞಾನಿ, ಕೆಮಿಕಲ್ ಇಂಜಿನಿಯರ್ ಮೂವರೂ ಕೂಡಿ ದುಡಿಯುವ ಕ್ಷೇತ್ರವಿದು. 2013ರ ರಸಾಯನ ಶಾಸ್ತ್ರದ ನೊಬೆಲ್ ಸಂದದ್ದೂ ಇದಕ್ಕೇ. ಇದರ ಬುನಾದಿಯ ಕಲ್ಲೊಂದು ನಮ್ಮವರದೆಂಬುದನ್ನು ಮರೆಯಲಾಗದು. 1922ರಲ್ಲಿ ಎರ್ನಾಕುಳದಲ್ಲಿ ಹುಟ್ಟಿದ ಜಿ.ಎನ್. ರಾಮಚಂದ್ರನ್ ಬೆಂಗಳೂರಿಗೆ ಇಂಜಿನಿಯರಿಂಗ್ ಕಲಿಯಲು ಬಂದವರು, ಸಿ.ವಿ. ರಾಮನ್ನರ ಬಳಿ ಭೌತಶಾಸ್ತ್ರಕ್ಕೆ ಹೊರಳಿದರು. ಮದರಾಸಿನಲ್ಲಿ ಪ್ರಾಧ್ಯಾಪಕರಾಗಿದ್ದಾಗ, 1963ರಲ್ಲಿ, ಪ್ರೋಟೀನಿನ ಸರಪಳಿ ಯಾವ ಕೋನಗಳಲ್ಲಿ ತಿರುಗಬಲ್ಲುದು, ಎಲ್ಲಿ ಪರಮಾಣುಗಳು ಒಂದಕ್ಕೊಂದು ತಾಗಿ ತಿರುಗಲಾರದು ಎಂಬುದನ್ನು ಇಬ್ಬರು ಸಹೋದ್ಯೋಗಿಗಳೊಡನೆ ನಕ್ಷೆಯಾಗಿ ಬರೆದರು. ಪ್ರೋಟೀನಿನ ಮಾದರಿ ಸರಿಯೋ ತಪ್ಪೋ ಎಂದು ಲೋಕವೆಲ್ಲ ಇಂದಿಗೂ ಒರೆಹಚ್ಚುವುದು ಆ ನಕ್ಷೆಗೇ.

ಇಷ್ಟನ್ನೂ ನಾವು ಕನ್ನಡದಲ್ಲೇ ಹೇಳಿದೆವಲ್ಲ! ಆದರೆ ಕಾಸರಗೋಡಿನ ಕನ್ನಡ ಮಾಧ್ಯಮದ ಮಗುವಿಗೆ ಹೇಳುವವರು ಯಾರು? ಹತ್ತನೆಯ ತರಗತಿ ಮುಗಿಸಿ ವಿಜ್ಞಾನಕ್ಕೆ ಸೇರಿದೊಡನೆ ಪಾಠವೆಲ್ಲ ಇಂಗ್ಲಿಷು. ಅದಕ್ಕೆ ಹೆದರಿ ಹೆತ್ತವರು ಒಂದನೆಯ ತರಗತಿಯಿಂದಲೇ ಮಗುವನ್ನು ಬೇರೆಡೆಗೆ ಕಳಿಸುತ್ತಾರೆ, ಇಲ್ಲಿ ಕನ್ನಡ ಡಿವಿಜನ್ ಬರಿದಾಗುತ್ತದೆ. ಅವರನ್ನು ದೂರಲು ನಮಗೆ ಮನಸ್ಸಿಲ್ಲ. ಮಸಿನಗುಡಿಯ ಕನ್ನಡದ ಮನೆಗಳ ಮಕ್ಕಳಿಗಂತೂ ಮನೆಮಾತು ಮನೆಯಲ್ಲಷ್ಟೇ. 2006ರ ಕಾಯಿದೆಯ ನಂತರ ತಮಿಳು ನಾಡಿನ ಶಾಲೆಗಳಲ್ಲಿ ತಮಿಳು ಕಡ್ಡಾಯ.

ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ಬಿ.ಜಿ.ಎಲ್. ಸ್ವಾಮಿಯವರು ತಮ್ಮ ವಿದ್ಯೆಯನ್ನು 'ಹಸುರು ಹೊನ್ನು' ಎಂದು ಕನ್ನಡಕ್ಕಿತ್ತರು. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಅದನ್ನು ಮನ್ನಿಸಿತು. ಅಂಥವರು ಇಂದೂ ಇದ್ದಾರು. ಮೈಸೂರಿನ ಜೆ.ಎಸ್.ಎಸ್. ಮಹಾವಿದ್ಯಾಪೀಠ 1980ರಿಂದ ಉದಕಮಂಡಲದಲ್ಲಿ ಫಾರ್ಮಸಿ ಕಾಲೇಜು ನಡೆಸುತ್ತಿದೆ. ಅಲ್ಲಿಯ ಕನ್ನಡ ಬಲ್ಲ ಪ್ರಾಧ್ಯಾಪಕರು ಗೂಡಲೂರು, ಮಸಿನಗುಡಿಗಳಲ್ಲೂ, ಸುರತ್ಕಲ್ಲಿನ ಎನ್.ಐ.ಟಿ.ಯವರು ನಮ್ಮ ಮಂಜೇಶ್ವರ, ಬದಿಯಡ್ಕಗಳಲ್ಲೂ ವರ್ಷಕ್ಕೆರಡು ಭಾನುವಾರ ಮಕ್ಕಳ ಮುಂದೆ ನಿಂತು ಮಾತಾಡಲಿ. ಬಸ್ಸಿನ ಖರ್ಚನ್ನು ಕರ್ನಾಟಕದ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ವಹಿಸಿಕೊಳ್ಳಲಿ. ಸಭೆಗೆ ಜಾಗ, ಮಧ್ಯಾಹ್ನದ ಊಟ ನಮ್ಮ ಊರವರ ಪಾಲಿಗಿರಲಿ.