ಕೆಂಪು ದಾರದೊಳಗಿನ ಊರು

ನಾಟಕ, ಯುಗಾದಿ, ರಾಜ್ಯೋತ್ಸವ ಎಂದು ಆರ್.ಕೆ. ಪುರಂನ ಕರ್ನಾಟಕ ಸಂಘಕ್ಕೆ ಹೋಗಿ ಬರುವ ನಮಗೆ ಪಕ್ಕದ ಮುನೀರ್ಕಾ ಎಂದರೆ ಒಂದು ಮೆಟ್ರೋ ನಿಲ್ದಾಣ, ಜೆಎನ್‌ಯು ಹುಡುಗರ ಬಾಡಿಗೆ ಕೋಣೆ, ಮೊಮೊ ಅಂಗಡಿ. ಅದೊಂದು ಊರು, ನಮ್ಮ ಸಂಘಕ್ಕಿಂತಲೂ ಈ ಬಡಾವಣೆಗಳಿಗಿಂತಲೂ ಬಹಳ ಹಳೆಯದು ಎಂಬುದು ನೆನಪಿಗೇ ಬರುವುದಿಲ್ಲ.

ಒಳಗಿನ ಬೋರ್ಡುಗಳನ್ನು ಓದುತ್ತ ನಡೆಯಿರಿ. ಡೇರಿ, ಹಾರ್ಡ್‌ವೇರ್, ಪ್ರಾಪರ್ಟಿ ಡೀಲರ್, ಎಲ್ಲಿ ನೋಡಿದರೂ ಟೋಕಸ್. ಅದು ಇಲ್ಲಿನ ಜಾಟರ ಗೋತ್ರ. ಒಂದೇ ಗೋತ್ರವೆಂದರೆ ಅಣ್ಣತಮ್ಮಂದಿರು. ಹಾಗಾಗಿ ಸೊಸೆಯರು ಬರುವುದು ಬೇರೆ ಊರುಗಳಿಂದ. ಚೌಪಾಲ್ ಎಂದರೆ ನಮ್ಮ ಅರಳಿಕಟ್ಟೆಯೇ, ಹುಕ್ಕಾ ಒಂದು ಹೆಚ್ಚು.

ಸ್ವಾತಂತ್ರ್ಯ ಬಂದ ಮೇಲೆ ರಾಜಧಾನಿ ಬೆಳೆಯಿತು. ಈ ಸುತ್ತಿನ ಹಳ್ಳಿಗಳ ಗೋಧಿ ಹೊಲಗಳನ್ನು ಸರ್ಕಾರ ವಶಪಡಿಸಿಕೊಂಡು ಆರ್.ಕೆ. ಪುರಂ ಕಟ್ಟಿತು, 1969ರಲ್ಲಿ ಶುರುವಾದ ಜೆಎನ್‌ಯುಗೆ ಜಾಗ ಕೊಟ್ಟಿತು, ಡಿಡಿಎ ಫ್ಲ್ಯಾಟುಗಳನ್ನು ಎಬ್ಬಿಸಿತು. ಉಳಿದದ್ದು ಮನೆಗಳಿದ್ದ ಜಾಗ ಮಾತ್ರ. ಅದೇ 'ಲಾಲ್ ಡೋರಾ', ಅಂದರೆ ಕೆಂಪು ದಾರ. 1908ರಿಂದ ಕಂದಾಯ ನಕ್ಷೆಯಲ್ಲಿ ವಸತಿಯ ಸುತ್ತ ಎಳೆಯುತ್ತಿದ್ದ ಗೆರೆ. ನಮ್ಮ ಕಡೆಯ ಗ್ರಾಮಠಾಣಾ ಇದ್ದಂತೆ. ಆ ಗೆರೆಯೊಳಗೆ ಕಟ್ಟಡದ ನಿಯಮಗಳು ಸಡಿಲ. ಉಳುಮೆ ಹೋದವರು ಮನೆಯ ಮೇಲೆ ಮನೆ ಕಟ್ಟಿದರು. ಬೆಳೆಯ ಬದಲು ಬಾಡಿಗೆ ಬಂತು. ಎದುರುಬದುರು ಬಾಲ್ಕನಿಗಳು ಕೈಕುಲುಕುವಷ್ಟು ಹತ್ತಿರ. ಗಲ್ಲಿಗೆ ಬಿಸಿಲು ಬೀಳದು, ಬೆಂಕಿ ಬಿದ್ದರೆ ಅಗ್ನಿಶಾಮಕ ವಾಹನವೂ ಒಳಬರದು.

ಹೊಲ ಕಳೆದುಕೊಂಡವರ ಮೇಲೆ ನನಗೆ ಸಹಾನುಭೂತಿಯಿದೆ. ಆದರೆ ಊರನ್ನು ಈಗ ಸಾಕುತ್ತಿರುವವರು ಮಣಿಪುರ, ಬಿಹಾರ, ಕೇರಳದ ಬಾಡಿಗೆದಾರರು. ಯುಪಿಎಸ್‌ಸಿಗೆಂದು ಬಂದ ನಮ್ಮ ಹುಡುಗರೂ ಅವರಲ್ಲಿದ್ದಾರೆ. ಅವರಿಗೆ ಕಟ್ಟೆಯ ಮೇಲೆ ಜಾಗವಿಲ್ಲ. ಎಷ್ಟೋ ಜನರ ಕೈಯಲ್ಲಿ ಕರಾರು ಪತ್ರವೂ ಇಲ್ಲ. 2014ರಲ್ಲಿ ಈಶಾನ್ಯದವರನ್ನು ಖಾಲಿ ಮಾಡಿಸಬೇಕೆಂಬ ಮಾತು ಊರಲ್ಲಿ ಎದ್ದು ಪತ್ರಿಕೆಗಳಲ್ಲಿ ಸುದ್ದಿಯಾಯಿತು. ವರ್ಷಗಟ್ಟಲೆ ಬಾಡಿಗೆ ಕೊಟ್ಟವರೂ ಒಂದು ಸಂಜೆಯ ಮಾತಿಗೆ ಹೊರಗಿನವರಾಗಿಬಿಡಬಹುದು! ಬೆಂಗಳೂರಿನ ಅಂಚಿನ ಹಳ್ಳಿಗಳಲ್ಲಿ ವಠಾರ ಕಟ್ಟಿಸಿ ಬಾಡಿಗೆ ಎಣಿಸುತ್ತಿರುವ ನಮ್ಮ ನೆಂಟರೂ ಇದನ್ನು ಓದಲಿ.

ಹೋಗುವುದಾದರೆ ಆಟೋದವನಿಗೆ ಬರೀ 'ಮುನೀರ್ಕಾ' ಅನ್ನಬೇಡಿ, ಫ್ಲ್ಯಾಟುಗಳ ಗೇಟಿನಲ್ಲಿ ಇಳಿಸಿಬಿಟ್ಟಾನು. 'ಮುನೀರ್ಕಾ ಗಾಂವ್' ಅನ್ನಿ.